ಮೂರನೇ ಸಲಕ್ಕೆ ತೆರೆಯುವ ಬಾಗಿಲು

ನನಗೀಗ ಎರಡೂ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಗೋ ಕಣ್ಣು ಬಂದೀತು ಎಂದು ಆಸೆ ಇಟ್ಟುಕೊಂಡು ಯಾರೂ ಓದುವುದು ಬೇಡ. ಅಂಥ ಆಸೆ ಮನುಷ್ಯರನ್ನು ಹೇಗೆ ಆಡಿಸುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಈ ಬರಹವನ್ನು ನಾನು ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ನಮ್ಮ ಕಡೆಯ ಮಾತು ಅದಕ್ಕೆ ತಿಳಿಯುವುದಿಲ್ಲ. ಹೀಗಾಗಿ ಸಾಲಿಯ ಮಾಸ್ತರರ ಹಾಗೆ ಬಿಡಿಸಿ ಬಿಡಿಸಿ ಮಾತಾಡಬೇಕಾಗಿದೆ. ತಪ್ಪು ಬಿದ್ದದ್ದನ್ನು ಆಮೇಲೆ ನಮ್ಮನೆಯವರು ತಿದ್ದುತ್ತಾರೆ. ತಿದ್ದುವಾಗ ತಮ್ಮ ಬಗ್ಗೆ ಬಂದದ್ದನ್ನು ಮೆತ್ತಗೆ ಮಾಡಬಾರದೆಂದು ಆಣೆ ಮಾಡಿಸಿಕೊಂಡಿದ್ದೇನೆ.

ನಾನು ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ, ಕೊಟ್ಟದ್ದು ಗುಳೇದಗುಡ್ಡದ ನೇಕಾರರ ಮನೆಗೆ. ಅಲ್ಲಿ ಸೀರೆ ನೇಯುತ್ತಿದ್ದೆ, ಇಲ್ಲಿಗೆ ಬಂದ ಮೇಲೆ ಕುಪ್ಪಸದ ಖಣ. ನಮ್ಮನೆಯವರು ಮಾತ್ರ ಮಗ್ಗಕ್ಕೆ ಕೂರದೆ ಬಸ್ ನಿಲ್ದಾಣದ ಹತ್ತಿರ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಅದಕ್ಕೆಂದು ಬಾಗಲಕೋಟೆಯಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ತಂದರು. ಅದರೊಳಗೆ ಹಿಂದಿನ ಮಾಲೀಕ ಬಿಟ್ಟುಹೋದ ಒಂದು ಆಟವಿತ್ತು. ಅಂಗಡಿಗೆ ಹೊಸದು ಬಂದ ಮೇಲೆ ಹಳೆಯ ಡಬ್ಬಿ ಮನೆ ಸೇರಿತು. ಪಡಸಾಲೆಯ ಈ ಕಡೆ ನನ್ನ ಮಗ್ಗ, ಆ ಕಡೆ ಅವರ ಡಬ್ಬಿ.

ಗುದ್ದಾಟ, ಓಡಾಟ, ಗುಂಡು ಹಾರಿಸುವುದು ಯಾವುದೂ ಅದರಲ್ಲಿ ಇರಲಿಲ್ಲ. ಇದ್ದದ್ದು ಒಂದು ಕಥೆ. ಒಂದು ರಾಜ್ಯದ ಬಾವಿಗಳೆಲ್ಲ ಬತ್ತಿಹೋಗಿವೆ. ಹಿಟ್ಟಿನ ಗಿರಣಿಯವನ ಮಗಳೊಬ್ಬಳು ನೀರು ತರುತ್ತೇನೆಂದು ಮನೆ ಬಿಟ್ಟು ಹೊರಡುತ್ತಾಳೆ. ಮುಂದೆ ಕಾಡು, ಮುರಿದ ಸೇತುವೆ, ಗುಹೆ, ಮಾಟಗಾತಿ. ಅವಳನ್ನು ನಾವೇ ನಡೆಸಬೇಕು. ಏನು ಮಾಡಬೇಕೆಂದು ಎರಡು ಮಾತು ಟೈಪ್ ಮಾಡಿದರೆ ಅವಳು ಹಾಗೆ ಮಾಡುತ್ತಾಳೆ. ಏನಾಯಿತೆಂದು ಕೆಳಗೆ ಇಂಗ್ಲೀಷಿನಲ್ಲಿ ಬರುತ್ತದೆ. ಇಂಗ್ಲೀಷು ನಮ್ಮನೆಯವರದು, ಬುದ್ಧಿ ನನ್ನದು. ಇದನ್ನು ಅವರೂ ಒಪ್ಪುತ್ತಾರೆ.

ಮೊದಲ ದಿನವೇ ಜಗಳವಾಯಿತು. ಹಾದಿಯಲ್ಲಿ ಒಬ್ಬ ಮುದುಕಿ ಕೂತು ಹಸಿವು ಅನ್ನುತ್ತಿದ್ದಳು.

"ಆಕಿಗೆ ರೊಟ್ಟಿ ಕೊಡ್ರಿ" ಅಂದೆ.

"ಹುಡುಗಿ ಕಡೆ ಇರೂದು ಒಂದ ರೊಟ್ಟಿ. ಮುಂದ ಏನ್ ತಿಂತಾಳ?"

"ಕಥಿಯೊಳಗ ಹಾದ್ಯಾಗ ಕುಂತ ಮುದುಕಿ ಬರೇ ಮುದುಕಿ ಅಲ್ಲರಿ. ಕೊಡ್ರಿ ಸುಮ್ನ."

ಕೊಟ್ಟರು. ಮುದುಕಿ ತುಕ್ಕು ಹಿಡಿದ ಒಂದು ಬೀಗದ ಕೈ ಕೊಟ್ಟು ಮಾಯವಾದಳು. ನಮ್ಮನೆಯವರು ನನ್ನ ಕಡೆ ತಿರುಗಿ, ಈ ಆಟ ಮೊದಲು ಎಲ್ಲಾದರೂ ಆಡಿದ್ದೆಯಾ ಎಂದು ಕೇಳಿದರು. ಕಂಪ್ಯೂಟರನ್ನೇ ನಾನು ಅವತ್ತು ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದ್ದು.

ನನಗೆ ಇದು ಗೊತ್ತಿದ್ದದ್ದು ಅವ್ವನಿಂದ. ಇಳಕಲ್ಲಿನ ಮನೆಯಲ್ಲಿ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸುರುಳಿ, ಏರಿಸುವಾಗ ಎಳೆ ಕೆಚ್ಚುವ ಕೆಲಸ ಹೆಂಗಸರದು. ಮುಗಿದ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಬೇಸರ ಬರಬಾರದೆಂದು ಅವ್ವ ಕಥೆ ಹೇಳುತ್ತಿದ್ದಳು. ಎದುರಿಗೆ ಕೂತು ಎಳೆ ಹಿಡಿದುಕೊಡುವ ನಾನು ಹೂಂಗುಟ್ಟಬೇಕು. ಕೇಳುವವರ ಹೂಂ ಇಲ್ಲದೆ ಕಥೆ ಮುಂದೆ ಹೋಗಬಾರದೆಂಬುದು ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ನಾನು ತೂಕಡಿಸಿ ಹೂಂ ನಿಂತರೆ ರಾಜಕುಮಾರ ಕುದುರೆಯ ಮೇಲೆ ಹಾಗೇ ನಿಲ್ಲುತ್ತಿದ್ದ. ಅವ್ವನ ಕೈಯೂ ನಿಲ್ಲುತ್ತಿತ್ತು. ಆಗ ಅಪ್ಪ ಒಳಗಿನಿಂದ ನನ್ನನ್ನು ಬೈಯುತ್ತಿದ್ದರು.

ಅವ್ವನ ಕಥೆಗಳಿಗೆ ಅವುಗಳದೇ ಕಾಯಿದೆ ಇತ್ತು. ಮೂರು ಮಕ್ಕಳಿದ್ದರೆ ಗೆಲ್ಲುವವನು ಸಣ್ಣವನು. ಮೂರು ಪೆಟ್ಟಿಗೆ ಇಟ್ಟರೆ ಹೊಳೆಯದ ಪೆಟ್ಟಿಗೆ ಮುಟ್ಟಬೇಕು. ನೀರಿಗೆ ಬಿದ್ದ ಇರುವೆಯನ್ನು ಎತ್ತಿ ದಡಕ್ಕೆ ಬಿಟ್ಟರೆ ಅದು ಒಂದು ದಿನ ತನ್ನ ಬಳಗವನ್ನೆಲ್ಲ ಕರೆದುಕೊಂಡು ಬಂದು ರಾಶಿ ಸಾಸಿವೆ ಆರಿಸಿಕೊಡುತ್ತದೆ. ಆ ಆಟದಲ್ಲೂ ಹಾಗೇ. ಇಂಗ್ಲೀಷಿನವರ ಇರುವೆಯೂ ಉಪಕಾರ ಮರೆಯುವುದಿಲ್ಲ ಎಂದು ನನಗೆ ಭಾಳ ಖುಷಿಯಾಯಿತು. ಇನ್ನೊಂದು ವಿಷಯ. ಅವ್ವನ ಕಥೆಗಳೆಲ್ಲ ಮಕ್ಕಳಿಲ್ಲದ ರಾಜ-ರಾಣಿಯರಿಂದ ಶುರುವಾಗುತ್ತಿದ್ದವು. ನಮಗೂ ಮಕ್ಕಳಿಲ್ಲ. ಆದರೆ ನಮ್ಮ ಬಾಗಿಲಿಗೆ ಮಾವಿನ ಹಣ್ಣು ಹಿಡಿದುಕೊಂಡು ಯಾವ ಜೋಗಿಯೂ ಬರಲಿಲ್ಲ. ಬಂದವರೆಲ್ಲ ಬುದ್ಧಿ ಹೇಳುವ ಸಂಬಂಧಿಕರು.

ಆಟಕ್ಕೂ ಅವ್ವನ ಕಥೆಗೂ ಎರಡು ಕಡೆ ಹೊಂದಾಣಿಕೆ ತಪ್ಪುತ್ತಿತ್ತು. ಒಂದು, ಸಾವು. ಅವ್ವನ ರಾಜಕುಮಾರ ಸಾಯುತ್ತಿರಲಿಲ್ಲ. ಸತ್ತರೂ ಯಾರಾದರೂ ಮಂತ್ರದ ನೀರು ಚಿಮುಕಿಸುತ್ತಿದ್ದರು. ಈ ಹುಡುಗಿ ಹೆಜ್ಜೆ ಹೆಜ್ಜೆಗೆ ಸಾಯುತ್ತಿದ್ದಳು. ಸೇತುವೆಯ ಅಂಚಿಗೆ ಹೋದರೆ ಸತ್ತಳು, ಗುಹೆಯೊಳಗೆ ದೀಪವಿಲ್ಲದೆ ಹೊಕ್ಕರೆ ಸತ್ತಳು. ಸತ್ತಾಗಲೆಲ್ಲ ಯಂತ್ರ ಒಂದು ಚೇಷ್ಟೆಯ ಮಾತು ಆಡುತ್ತಿತ್ತು. ನದಿಗೆ ಬಿದ್ದಾಗ, ಈಜು ಕಲಿತು ಬರಬೇಕಿತ್ತು ತಾಯಿ, ಅನ್ನುವಂಥದ್ದು. ಹೆಣದ ಮುಂದೆ ಕೂತು ನಗೆಚಾಟಿಕೆ ಮಾಡುವ ಇದೆಂಥ ಕಥೆ ಹೇಳುವವನು ಎಂದು ನನಗೆ ಸಿಟ್ಟು ಬರುತ್ತಿತ್ತು. ನಮ್ಮನೆಯವರಿಗೆ ಸಿಟ್ಟಿರಲಿಲ್ಲ. ಸಾಯುವ ಮೊದಲು ಎಲ್ಲಿ ಉಳಿಸಿಟ್ಟಿದ್ದರೋ ಅಲ್ಲಿಂದ ಅವಳನ್ನು ಮತ್ತೆ ಎಬ್ಬಿಸಿ ನಡೆಸುತ್ತಿದ್ದರು.

ಎರಡನೆಯದು ಸಾವಿಗಿಂತ ಕೆಟ್ಟದ್ದು. ಕಾಡಿನ ಅಂಚಿನಲ್ಲಿ ಹುಡುಗಿಗೆ ಒಂದು ದಾಳಿಂಬೆ ಸಿಕ್ಕಿತ್ತು. ಸ್ವಲ್ಪ ದೂರ ನಡೆದ ಮೇಲೆ ಅವಳಿಗೆ ಹಸಿವಾಗಿದೆ ಎಂದು ಬರೆದು ಬಂತು. ರೊಟ್ಟಿ ಮುದುಕಿಗೆ ಹೋಗಿತ್ತು. ಅವಳ ಮೇಲೆ ಮರುಕ ಬಂದು, ಹಣ್ಣು ತಿನ್ನಿಸಿರಿ ಅಂದೆ. ತಿನ್ನಿಸಿದರು. ಏನೂ ಆಗಲಿಲ್ಲ. ಆಟ ಮುಂದೆ ಸಾಗಿತು. ಗುಡ್ಡ ಹತ್ತಿದೆವು, ಬೀಗ ತೆರೆದೆವು, ರಾಕ್ಷಸನಿಗೆ ಮಣ್ಣು ಮುಕ್ಕಿಸಿದೆವು. ಆಮೇಲೆ ಪಂಜರದ ಹಕ್ಕಿಯ ಮುಂದೆ ನಿಂತುಬಿಟ್ಟೆವು. ಏನು ಮಾಡಿದರೂ ಅದು ಬಾಯಿ ಬಿಡಲೊಲ್ಲದು. ನಾವು ವಾರಗಟ್ಟಲೆ ಅದರ ಸುತ್ತ ತಿರುಗಿದೆವು. ಕೊನೆಗೆ ಅಂಗಡಿಗೆ ಬರುವ ಒಬ್ಬ ಗಿರಾಕಿ, ಸಣ್ಣವನಿದ್ದಾಗ ಆ ಆಟ ಆಡಿದವನು, ನಮ್ಮನೆಯವರಿಗೆ ಹೇಳಿದನಂತೆ. ಆ ಹಕ್ಕಿಗೆ ಕೊಡಬೇಕಾದದ್ದು ದಾಳಿಂಬೆ. ಇಡೀ ಆಟದಲ್ಲಿ ಇರುವುದು ಒಂದೇ. ತಿಂದ ಗಳಿಗೆಯಲ್ಲೇ ನೀವು ಸೋತಾಗಿತ್ತು. ಅದು ನಿಮಗೆ ಹೇಳುವುದಿಲ್ಲ, ಅಷ್ಟೇ.

ಅವತ್ತು ನಾನು ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿಬಿಟ್ಟೆ. ಸೋತವರಿಗೆ ಸೋತಿರಿ ಎಂದು ಹೇಳದೆ ಊರೆಲ್ಲ ಅಲೆಸುವ ಕಥೆ ನನ್ನ ಮನೆಯಲ್ಲಿ ಬೇಡ ಅಂದೆ. ನಮ್ಮನೆಯವರು ನಕ್ಕರು. ಆಟ ಅಲ್ಲಿಗೆ ನಿಂತು ವರ್ಷಗಳೇ ಕಳೆದವು.

ಶುಗರ್ ನನಗೆ ಮೂವತ್ತರ ಹೊತ್ತಿಗೇ ಬಂದಿತ್ತು. ಗುಳಿಗೆ ನುಂಗುತ್ತಿದ್ದೆ, ಹೋಳಿಗೆಯನ್ನೂ ಬಿಡುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ತಿಳಿಹಳದಿ ಹಾಸಿನ ಖಣ ನೇಯುತ್ತಿದ್ದೆ. ಬಟ್ಟೆಯ ಮೇಲೆ ಒಂದು ಕರಿಯ ಎಳೆ ಕಂಡಿತು. ಸಣ್ಣದು, ಕೊಕ್ಕೆಯ ಹಾಗೆ ಬಾಗಿದ್ದು. ಉಗುರಿನಿಂದ ತೆಗೆಯಲು ಹೋದೆ, ಸಿಗಲಿಲ್ಲ. ಸ್ವಲ್ಪ ಆಚೆ ಇನ್ನೊಂದು. ನೇಕಾರರ ಮನೆಯಲ್ಲಿ ನೂಲಿನ ಜುಂಜು, ಪುಡಿ ಎಳೆ, ಮೈಮೇಲೆ, ಊಟದ ತಾಟಿನಲ್ಲಿ, ರೆಪ್ಪೆಯಲ್ಲಿ ಎಲ್ಲ ಕಡೆ ಇರುವಂಥದೇ. ಗೋಡೆ ನೋಡಿದರೂ ಆ ಎಳೆ ಕಂಡಾಗ ರೆಪ್ಪೆಗೆ ಅಂಟಿದೆ ಎಂದು ಮುಖ ತೊಳೆದುಕೊಂಡೆ. ಬೇರೆ ಕೆಲಸದವರಾಗಿದ್ದರೆ ಕಣ್ಣಿಗೇನೋ ಆಗಿದೆ ಅಂದುಕೊಳ್ಳುತ್ತಿದ್ದರು. ನಾನು ಹಾಸಿನಲ್ಲೇ ಕೆಟ್ಟ ನೂಲು ಬಂದಿದೆ ಅಂದುಕೊಂಡೆ.

ದಿನ ಹೋದಂತೆ ಎಳೆಗಳು ಹೆಚ್ಚಾದವು. ನಾನು ಚಿಮಟ ಹಿಡಿದು ಕೂತು ಆರಿಸುತ್ತಿದ್ದೆ. ಕರಿಯ ಎಳೆ ಎಂದು ಎಳೆದರೆ ಕೈಗೆ ಹಳದಿ ಬರುತ್ತಿತ್ತು. ಒಳ್ಳೆಯ ಹಾಸನ್ನು ಹೀಗೆ ಕಿತ್ತು ಕಿತ್ತು ಹಾಳು ಮಾಡಿದೆ. ತಲೆ ಕೆಟ್ಟು, ಬಟ್ಟೆ ಸುತ್ತಿಕೊಂಡು ನೂಲಿನ ಅಂಗಡಿಗೇ ಹೋದೆ. ಅಲ್ಲಿಯ ಹಿರಿಯರು ನಮ್ಮ ಮಾವನ ಕಾಲದಿಂದ ನಮಗೆ ನೂಲು ಕೊಡುವವರು. ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ತಂಗಿ, ನನಗೇನೂ ಕಾಣವಲ್ದು."

"ನಿಮ್ಮ ಚಷ್ಮಾ ಬದಲಿ ಮಾಡಸ್ರಿ. ಇಷ್ಟು ಕರಿ ಎಳಿ ನಿಮಗ ಕಾಣೂದಿಲ್ಲಂದ್ರ ಹ್ಯಾಂಗ?"

ನಾಲ್ಕು ಜನ ಗಿರಾಕಿಗಳ ಮುಂದೆ ಅಂದೆ. ಅವರು ಪಾಪ, ಬೇರೆ ನೂಲು ಕೊಟ್ಟು ಕಳಿಸಿದರು. ಅದರಲ್ಲೂ ಕರಿಯ ಎಳೆ ಕಂಡವು. ಊರಿನ ನೂಲೇ ಕೆಟ್ಟಿತೆಂದು ಬೈಯುತ್ತ ಆ ಬೇಸಿಗೆ, ಆ ಮಳೆಗಾಲ ಕಳೆದೆ. ಒಂದು ದಿನ ಬೆಳಿಗ್ಗೆ ಚಹಾ ಸೋಸುತ್ತಿದ್ದಾಗ ಬಲಗಣ್ಣಿನ ಮುಂದೆ ಯಾರೋ ಕೆಂಪು ಪರದೆ ಇಳಿಸಿದ ಹಾಗಾಯಿತು. ಚಹಾ ಕೈಮೇಲೆ ಚೆಲ್ಲಿತು. ಆಗ ಗೊತ್ತಾಯಿತು, ಎಳೆಗಳು ಬಟ್ಟೆಯಲ್ಲಿ ಇರಲೇ ಇಲ್ಲ ಎಂದು.

ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರು ನನ್ನ ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. "ಕಣ್ಣ ಮುಂದ ಎಳಿ ಎಳಿ ಕಾಣಾಕ ಹತ್ತಿ ಎಷ್ಟು ದಿನಾ ಆತ್ರಿ?" ಅಂದರು. ಹೇಳಿದೆ. ಶುಗರಿನಿಂದ ಒಳಗೆ ರಕ್ತ ಸೋರಿದೆ, ಕಣ್ಣೊಳಗಿನ ಪರದೆ ಕಿತ್ತಿದೆ, ಬಲಗಣ್ಣು ಇನ್ನು ಬರುವುದಿಲ್ಲ ಅಂದರು. ಎಳೆ ಕಂಡ ಮೊದಲ ವಾರ ಬಂದಿದ್ದರೆ ಮಾತು ಬೇರೆ ಇತ್ತಂತೆ. ನಾನು ಆ ಗಿರಣಿಯವನ ಮಗಳನ್ನು ನೆನೆಸಿಕೊಂಡೆ. ಅವಳ ಹಾಗೆ ಉಳಿಸಿಟ್ಟ ಜಾಗ ನನಗೆ ಇರಲಿಲ್ಲ.

ಎಡಗಣ್ಣಿನಲ್ಲೂ ಸೋರಿಕೆ ಶುರುವಾಗಿತ್ತು, ಅದಕ್ಕೆ ಲೇಸರ್ ಬೆಳಕು ಹಾಯಿಸಿ ಸುಟ್ಟರು. ಆಮೇಲೆ ಸೂಜಿ ಅಂದರು. ಕಣ್ಣೊಳಗೇ ಸೂಜಿ. ಮೊದಲನೆಯದು ಆಯಿತು. ತಿಂಗಳು ಬಿಟ್ಟು ಎರಡನೆಯದು ಆಯಿತು. ಎರಡನೆಯ ಸೂಜಿಯ ದಿನ ನನ್ನ ಕಣ್ಣಿಗೆ ಪಟ್ಟಿ ಕಟ್ಟಿ ಹೊರಗೆ ಬೆಂಚಿನ ಮೇಲೆ ಕೂಡಿಸಿ, ನಮ್ಮನೆಯವರನ್ನು ಮಾತ್ರ ಒಳಗೆ ಕರೆದರು. ಹೊರಗೆ ಬಂದವರು ನನ್ನ ಪಕ್ಕದಲ್ಲಿ ಕೂತರು.

"ಏನಂದ್ರು?" ಅಂದೆ.

"ಮೊದಲನೇ ಸೂಜಿಗೆ ಏನೂ ಗೊತ್ತಾಗೂದಿಲ್ಲಂತ. ಎರಡನೇದಕ್ಕ ಬರೇ ಕದಲಿದಂಗ ಆಗತೈತಂತ. ಮೂರನೇದಕ್ಕ ತೆರಕೋತೈತಿ ಅಂದ್ರು."

"ಮೂರನೇದು ಯಾವಾಗ?"

"ಔಷಧ ಬರಬೇಕಂತ. ಬಂದ ಮ್ಯಾಲ ಫೋನ್ ಮಾಡ್ತಾರ."

ಪಟ್ಟಿ ಬಿಚ್ಚಿದ ಮೇಲೆ ಎಡಗಣ್ಣು ಸ್ವಲ್ಪ ಕಾಣುತ್ತಿತ್ತು. ಹಸಿ ಬಟ್ಟೆಯ ಹಿಂದಿನಿಂದ ನೋಡಿದ ಹಾಗೆ. ಆದರೂ ಮೊಳದ ದೂರದಲ್ಲಿ ಮುಖ ಹಿಡಿದರೆ ಯಾರೆಂದು ತಿಳಿಯುತ್ತಿತ್ತು, ಮೂಗು, ಬಾಯಿ, ನಗು ಎಲ್ಲ ತಿಳಿಯುತ್ತಿತ್ತು. ಇದನ್ನು ನೆನಪಿಡಬೇಕು. ನನಗೆ ಆಗ ಮುಖ ಕಾಣುತ್ತಿತ್ತು.

ಆ ದಿನಗಳಲ್ಲೇ ಇಳಕಲ್ಲಿನಿಂದ ಅಣ್ಣನ ಫೋನು ಬಂತು. ಅವ್ವ ಹಾಸಿಗೆ ಹಿಡಿದಿದ್ದಳು. ಊಟ ಕಡಿಮೆಯಾಗಿದೆ, ಒಮ್ಮೆ ಬಂದು ಹೋಗು ಅನ್ನುತ್ತಾಳೆ ಅಂದ. ನನಗೆ ಹೋಗುವ ಆಸೆ ಬೆಟ್ಟದಷ್ಟಿತ್ತು. ಆದರೆ ನನ್ನ ಕಣ್ಣು ಇಷ್ಟು ಕೆಟ್ಟದ್ದು ಅವ್ವನಿಗೆ ಹೇಳಿರಲಿಲ್ಲ. ತಡವರಿಸುತ್ತ ಹೊಸ್ತಿಲು ದಾಟುವ ಮಗಳನ್ನು ನೋಡಿ ಅವಳು ಇನ್ನಷ್ಟು ಕುಗ್ಗುವುದು ಬೇಡ ಅನಿಸಿತು. ಮೂರನೇ ಸೂಜಿ ಆಗಲಿ, ಕಣ್ಣು ತೆರೆದುಕೊಂಡು ಹೋಗಿ ಎದುರಿಗೆ ಕೂತು ಕಣ್ತುಂಬ ನೋಡಿ ಬರುತ್ತೇನೆ ಅಂದೆ. ನಮ್ಮನೆಯವರು ಎದುರಿಗೇ ಇದ್ದರು. ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಕೆಲಸವಿಲ್ಲದೆ ಕೂತರೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ನೋಡಲಾರದೆ ಅವರು ಹಳೆಯ ಆಟವನ್ನು ಮೊದಲಿನಿಂದ ಶುರು ಮಾಡಿದರು. ಅಕ್ಷರ ನನಗೆ ಕಾಣುತ್ತಿರಲಿಲ್ಲ. ಅವರು ಮಧ್ಯಾಹ್ನ ಊಟಕ್ಕೆ ಬಂದಾಗ ಒಂದು ತಾಸು ಪರದೆಯ ಮುಂದೆ ಕೂತು, ಓದಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಈ ಸಲ ದಾಳಿಂಬೆ ತಿನ್ನಿಸಲಿಲ್ಲ. ಹುಡುಗಿ ಹಸಿವೆ ಎಂದರೂ ಕಲ್ಲು ಮನಸ್ಸು ಮಾಡಿ ಕೂತೆ. ಹಕ್ಕಿ ಬಾಯಿ ಬಿಟ್ಟಿತು, ಹಾದಿ ಹೇಳಿತು. ನಾವು ಹಿಂದೆ ಕಾಣದಿದ್ದ ಕಡೆಗೆಲ್ಲ ಹುಡುಗಿ ಹೋದಳು.

ಸ್ವಲ್ಪ ದಿನಕ್ಕೆ ನನಗೆ ಒಂದು ವಿಷಯ ವಿಚಿತ್ರ ಅನಿಸಿತು. ಹುಡುಗಿ ಸಾಯುವುದನ್ನು ನಿಲ್ಲಿಸಿದ್ದಳು. ಮುರಿದ ಸೇತುವೆ ಬಂದರೆ ಯಾರೋ ಬಂದು ಹಲಗೆ ಹಾಕುತ್ತಿದ್ದರು. ಮಾಟಗಾತಿ ಬಂದರೆ ಅವಳಿಗೆ ನಿದ್ದೆ ಬರುತ್ತಿತ್ತು. ಯಂತ್ರದ ಆ ಚೇಷ್ಟೆಯ ಮಾತು ಕೇಳಿ ಎಷ್ಟೋ ದಿನವಾಗಿತ್ತು. ನಮ್ಮನೆಯವರು ಆಟದಲ್ಲಿ ಪಳಗಿದರು ಅಂದುಕೊಂಡೆ. ಕಥೆ ಹೇಳುವುದರಲ್ಲೂ ಪಳಗಿದ್ದರು. ಮೊದಲು ಅರ್ಜಿ ಓದಿದ ಹಾಗೆ ಓದುತ್ತಿದ್ದವರು, ಈಗ ದನಿ ಏರಿಸಿ ಇಳಿಸಿ ಹೇಳುತ್ತಿದ್ದರು. ಇತ್ತ ಎಡಗಣ್ಣಿನ ಹಸಿ ಬಟ್ಟೆ ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು. ಔಷಧ ಬಂತೇನು ಎಂದು ಕೇಳಿದಾಗಲೆಲ್ಲ, ಬರುತ್ತದೆ ಅನ್ನುತ್ತಿದ್ದರು. ಮುಖಗಳು ಹೋದವು. ಬಣ್ಣ ಮತ್ತು ಬೆಳಕು ಉಳಿದವು.

ಒಂದು ಮಧ್ಯಾಹ್ನ ಹುಡುಗಿ ಕೊನೆಯ ಗುಹೆ ಮುಟ್ಟಿದ್ದಳು. ಒಳಗೆ ನೀರಿನ ಸದ್ದು ಕೇಳಿಸುತ್ತಿದೆ ಎಂದು ನಮ್ಮನೆಯವರು ಹೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಅಷ್ಟರಲ್ಲಿ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಸುಮ್ಮನಾದವು. ತಲೆಯ ಮೇಲಿನ ಫ್ಯಾನು ತಿರುಗಿ ತಿರುಗಿ ನಿಂತಿತು. ಕರೆಂಟು ಹೋಗಿತ್ತು. ಕಥೆ ಅಲ್ಲಿಗೆ ನಿಲ್ಲಬೇಕಿತ್ತು. ಅವರು ಹೇಳುತ್ತಲೇ ಇದ್ದರು.

"ಮೊದಲನೇ ಬಾಗಲಾ ತಳ್ಳಿದ್ಲು. ಏನೂ ಆಗಲಿಲ್ಲ. ಎರಡನೇ ಬಾಗಲಾ ತಳ್ಳಿದ್ಲು. ಬರೇ ಕದಲಿದಂಗ ಆತು. ಮೂರನೇದಕ್ಕ..."

ನನಗೆ ಮೊದಲು ನಗೆ ಬಂತು. ಎಷ್ಟು ದಿನದಿಂದ ಈ ಮನುಷ್ಯ ಪರದೆಯ ಮುಂದೆ ಕೂತು ನನಗಾಗಿ ಕಥೆ ಕಟ್ಟುತ್ತಿದ್ದಾರೋ ಎಂದು ಮನಸ್ಸು ತುಂಬಿ ಬಂತು. ಹುಡುಗಿಯನ್ನು ಬದುಕಿಸಿದ್ದು ಇವರೇ. ಹೂಂ ಅನ್ನಲು ಬಾಯಿ ತೆರೆದೆ. ಆಗ ಅದೇ ಮಾತುಗಳನ್ನು ಹಿಂದೆ ಕೇಳಿದ್ದು ನೆನಪಾಯಿತು. ದವಾಖಾನೆಯ ಬೆಂಚು, ಕಣ್ಣಿನ ಪಟ್ಟಿ, ಇದೇ ದನಿ. ಏನೂ ಗೊತ್ತಾಗುವುದಿಲ್ಲ, ಕದಲಿದ ಹಾಗಾಗುತ್ತದೆ, ತೆರೆದುಕೊಳ್ಳುತ್ತದೆ. ಮೂರನೇ ಸಲಕ್ಕೆ ತೆರೆಯುವುದು ಕಥೆಯ ಬಾಗಿಲು. ನಾನು ಕಂಡ ಯಾವ ಡಾಕ್ಟರೂ ಹಾಗೆ ಮಾತಾಡಿದ್ದಿಲ್ಲ. ನೋಡೋಣ ಅನ್ನುತ್ತಾರೆ, ಹೇಳಲಿಕ್ಕಾಗುವುದಿಲ್ಲ ಅನ್ನುತ್ತಾರೆ. ಸಣ್ಣವಳಿದ್ದಾಗಿನಿಂದ ಆ ಕಾಯಿದೆಯನ್ನು ಬಲ್ಲವಳು ನಾನು. ನನ್ನ ಸ್ವಂತ ಕಣ್ಣಿನ ವಿಷಯದಲ್ಲಿ ಅದನ್ನು ಗುರುತಿಸಲಿಲ್ಲ. ಗುರುತಿಸುವುದು ನನಗೆ ಬೇಡವಾಗಿತ್ತು.

ನಾನು ಹೂಂ ಅನ್ನಲಿಲ್ಲ. ಅವರು ಕಾಯ್ದರು. "ಕೇಳಾಕತ್ತೀ ಇಲ್ಲೋ?" ಅಂದರು.

"ಕರೆಂಟ್ ಹೋಗಿ ಭಾಳ ಹೊತ್ತಾತ್ರಿ" ಅಂದೆ.

ಕೀಬೋರ್ಡಿನ ಮೇಲಿಂದ ಅವರು ಕೈ ತೆಗೆದ ಸದ್ದಾಯಿತು.

"ಮೂರನೇ ಸೂಜಿ ಅಂತ ಡಾಕ್ಟರು ಖರೇನ ಅಂದ್ರೇನು?"

ಅವರ ಕುರ್ಚಿ ಸದ್ದು ಮಾಡಿತು. ಎದ್ದು ಬಂದು ನನ್ನ ಕಾಲ ಹತ್ತಿರ ನೆಲಕ್ಕೆ ಕೂತರು. "ಇಲ್ಲ" ಅಂದರು.

"ಮತ್ತೇನಂದ್ರು?"

"ಎಡಗಣ್ಣೂ ಉಳಿಯೂದಿಲ್ಲ ಅಂದ್ರು. ಇನ್ನ ಸೂಜಿ ಹಾಕಿ ಉಪಯೋಗಿಲ್ಲ ಅಂದ್ರು. ಇದ್ದಷ್ಟು ದಿನಾ ಇರತೈತಿ, ಆಕಿಗೆ ಏನರ ನೋಡೂದಿದ್ರ ಈಗ ತೋರಿಸಿಬಿಡ್ರಿ ಅಂದ್ರು."

ಕಣ್ಣು ಹೋಗುತ್ತದೆ ಎಂಬ ಮಾತು ನನ್ನನ್ನು ಅಷ್ಟಾಗಿ ಮುಟ್ಟಲಿಲ್ಲ. ಒಳಗೊಳಗೆ ಅದು ನನಗೆ ಗೊತ್ತಿತ್ತು ಅನಿಸುತ್ತದೆ. ಏನಾದರೂ ನೋಡುವುದಿದ್ದರೆ ಈಗ ತೋರಿಸಿರಿ. ಮುಟ್ಟಿದ್ದು ಆ ಮಾತು. ಅವ್ವನ ಮುಖ ನೋಡಲು ಸಾಲುವಷ್ಟು ಕಣ್ಣು ನನಗಿತ್ತು. ಮೊಳದ ದೂರದಲ್ಲಿ ಹಿಡಿದರೆ ಮೂಗು, ಬಾಯಿ, ನಗು. ಆ ಕಣ್ಣನ್ನು ನಾನು ಗೋಡೆ ನೋಡುತ್ತ, ಬಾರದ ಔಷಧಕ್ಕೆ ಕಾಯುತ್ತ ಖಾಲಿ ಮಾಡಿದ್ದೆ. ಮಗಳು ಇಂದು ಬಂದಾಳು, ನಾಳೆ ಬಂದಾಳು ಅನ್ನುತ್ತ ಅವ್ವ ಅಲ್ಲಿ ಬಾಗಿಲ ಕಡೆ ನೋಡುತ್ತ ಮಲಗಿದ್ದಳು. ಇದೆಲ್ಲ ಗೊತ್ತಿದ್ದ ಒಬ್ಬ ಮನುಷ್ಯ ನನ್ನ ಎದುರಿಗೆ ಕೂತು ಊಟ ಮಾಡುತ್ತಿದ್ದ.

"ನಿನ್ನ ಮಾರಿ ನೋಡಿ ಹೇಳಾಕ ಆಗಲಿಲ್ಲ" ಅಂದರು. ಅಳುತ್ತಿದ್ದರು. ಪ್ರೀತಿಯಿಂದ ಮಾಡಿದರು ಎಂದು ನನಗೆ ಗೊತ್ತು. ಗೊತ್ತಿದ್ದರೂ ಅವತ್ತು ನನ್ನ ಕೈಗೆ ಮಗ್ಗದ ಲಾಳಿ ಸಿಕ್ಕಿದ್ದರೆ ಎಸೆದುಬಿಡುತ್ತಿದ್ದೆ.

"ಏಳ್ರಿ. ಈಗಿಂದೀಗ ಇಳಕಲ್ಲಿಗೆ ಹೋಗೂಣು" ಅಂದೆ.

ಅಂಗಡಿಗೆ ಬೀಗ ಹಾಕಿ ಬಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಿಸಿದರು. ಕಮತಗಿ ಬಂತು, ಅಮೀನಗಡ ಬಂತು. ಅವರಿಗೆ ಸುಮ್ಮನಿರಲಾಗಲಿಲ್ಲ. ಹೊರಗೆ ಸೂರ್ಯಕಾಂತಿ ಹೊಲ ಎಷ್ಟು ಚೆಂದ ಕಾಣುತ್ತದೆ ಎಂದು ಶುರು ಮಾಡಿದರು. "ಬಾಯಿ ಮುಚ್ಚಿಕೊಂಡು ಕೂಡ್ರಿ" ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿರಬೇಕು. ಹುನಗುಂದದಲ್ಲಿ ಬಸ್ಸು ಬದಲಿಸುವಾಗ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದರು. ಕೊಸರಿಕೊಳ್ಳಬೇಕು ಅನಿಸಿತು. ಕೊಸರಿಕೊಂಡರೆ ಬೀಳುತ್ತಿದ್ದೆ, ಹಾಗಾಗಿ ಹಿಡಿಸಿಕೊಂಡೇ ಇಳಿದೆ.

ಇಳಕಲ್ಲಿನ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಬಾಗಿಲು ತೆರೆದು, ನನ್ನ ನಡಿಗೆ ನೋಡಿ, ಅಯ್ಯ ಶಿವನೇ ಅಂದಳು. ನಾನು ಬಾಯಿಯ ಮೇಲೆ ಬೆರಳಿಟ್ಟೆ. ಒಳಗಿನಿಂದ ಅವ್ವನ ದನಿ ಬಂತು.

"ಯಾರು? ಮಗಳು ಬಂದ್ಲೇನು? ತಡೀರಿ, ಒಳಗ ಬಿಡಬ್ಯಾಡ್ರಿ. ನನ್ನ ಎಬ್ಬಿಸಿ ಕೂಡಸ್ರಿ ಮೊದಲ. ನನ್ನ ಮಾರಿ ನೋಡಾಕ ಬಂದಾಳ ಆಕಿ."

ನಾವು ಪಡಸಾಲೆಯಲ್ಲಿ ನಿಂತೆವು. ಒಳಗೆ ಅವ್ವನನ್ನು ಎಬ್ಬಿಸಿ ಗೋಡೆಗೆ ಒರಗಿಸಿದರು. ಮುಖ ಒರೆಸಿದರು. ತಲೆ ಬಾಚುವಾಗ ಸಿಕ್ಕು ಎಳೆದು ಅವ್ವ ವೈನಿಯನ್ನು ಬೈದಳು. ಈ ಸೀರೆ ಬೇಡ, ಕೆಂಪು ಸೆರಗಿಂದು ಉಡಿಸು ಅಂದಳು. ಅದನ್ನೆಲ್ಲ ಮುಗಿಸಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ, ನಡುನಡುವೆ ನಿಲ್ಲಿಸುತ್ತಿದ್ದಳು. ಕೊನೆಗೆ, "ಈಗ ಬಾ" ಅಂದಳು.

ನಮ್ಮನೆಯವರು ನನ್ನನ್ನು ಹಾಸಿಗೆಯ ಎದುರಿಗೆ ಕೂಡಿಸಿದರು. ಅವ್ವ ನನ್ನ ಕೈ ಹಿಡಿದುಕೊಂಡಳು. ಬರೀ ಎಲುಬು. ನನಗೆ ಸೆರಗಿನ ಕೆಂಪು ಕಂಡಿತು. ಅದರ ಮೇಲೆ ಬೂದು ಬಣ್ಣ, ಅದರಲ್ಲಿ ಏನೂ ಇರಲಿಲ್ಲ. ಆದರೂ ಮುಖ ಎಲ್ಲಿರುತ್ತದೆಂದು ನನಗೆ ಗೊತ್ತು ಅಂದುಕೊಂಡೆ. ಎಷ್ಟು ವರ್ಷ ಎದುರುಬದುರು ಕೂತು ಎಳೆ ಕೆಚ್ಚಿದವರು ನಾವು. ಆ ಎತ್ತರಕ್ಕೆ ನನ್ನ ಮುಖ ಎತ್ತಿ, ಕಣ್ಣು ಅಗಲಿಸಿ, ನಕ್ಕೆ.

"ಕಾಣತೇನೇನು?" ಅಂದಳು ಅವ್ವ.

"ಹೂಂ ಯವ್ವಾ, ಛಲೋ ಕಾಣತಿ. ಸ್ವಲ್ಪ ಸೊರಗೀದಿ, ಅಷ್ಟ."

ಆಗ ನನ್ನ ಗದ್ದಕ್ಕೆ ಎರಡು ಬೆರಳು ತಾಗಿದವು. ನಮ್ಮನೆಯವರು ಯಾರಿಗೂ ಗೊತ್ತಾಗಬಾರದೆಂದು, ಮೆಲ್ಲಗೆ, ನನ್ನ ಮುಖವನ್ನು ಕೆಳಗೆ ಇಳಿಸಿದರು. ಕಾಯಿಲೆಯಲ್ಲಿ ಅವ್ವ ಕುಗ್ಗಿ ಅಷ್ಟು ಸಣ್ಣವಳಾಗಿದ್ದಳು. ನಾನು ಅವಳ ತಲೆಯ ಮೇಲಿನ ಗೋಡೆಯನ್ನು ನೋಡಿ ನಗುತ್ತಿದ್ದೆ.

ನನ್ನ ಕೈಯೊಳಗಿದ್ದ ಅವ್ವನ ಕೈ ಬಿಗಿಯಾಯಿತು.

"ಇನ್ನೊಂಚೂರು ಕೆಳಗ ಮಾಡ್ರಿ, ಅಳಿಯಂದ್ರ" ಅಂದಳು.